ಸೋಮದೇವಸೂರಿಯ ಚಾರಸಮುದ್ದೇಶ: ಮನೆಯ ಋಣ, ಒಡೆಯನ ಕಾರ್ಯ

ಗುಪ್ತಚರನು ಎರಡು ಋಣಗಳ ನಡುವೆ ನಿಂತವನು. ಒಂದೆಡೆ ಅನ್ನವಿತ್ತ ಒಡೆಯ, ಇನ್ನೊಂದೆಡೆ ಮಡದಿ ಮಕ್ಕಳು. ಇವು ಪರಸ್ಪರ ವಿರುದ್ಧವಾದಾಗ ರಾಜನೀತಿಯು ಅವನಿಗೆ ವಿಧಿಸುವುದೇನು? ಕೊಗನೊಳ್ಳಿಯಂತಹ ಗಡಿಗ್ರಾಮಗಳಲ್ಲಿ ಬಂಧುತ್ವವು ರಾಜ್ಯದ ಎಲ್ಲೆಯನ್ನು ದಾಟಿ ಹಬ್ಬಿರುವುದನ್ನು ಬಲ್ಲವರಿಗೆ ಈ ಪ್ರಶ್ನೆ ಕೇವಲ ಗ್ರಂಥಸ್ಥವೆನಿಸದು.

ಕೌಟಿಲ್ಯನ ಉತ್ತರ ನಿರ್ದಾಕ್ಷಿಣ್ಯವಾದುದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ‘ಅರ್ಥಶಾಸ್ತ್ರ’ದ ಮೊದಲನೆಯ ಅಧಿಕರಣದಲ್ಲಿ ಉಭಯವೇತನರ ಪ್ರಸ್ತಾಪವಿದೆ. ಹಗೆಯ ಸೇವೆಗೆ ನಿಂತು ಎರಡೂ ಕಡೆಯ ಸಂಬಳ ಉಣ್ಣುವ ಇಂತಹವರ ಮಡದಿ ಮಕ್ಕಳನ್ನು ಅರಸನು ತನ್ನ ವಶದಲ್ಲಿರಿಸಿಕೊಳ್ಳಬೇಕೆಂಬುದು ಅಲ್ಲಿಯ ವಿಧಿ. ಹೀಗೆ ಮನೆಯ ಮಮತೆಯೇ ಕರ್ತವ್ಯಕ್ಕೆ ಒತ್ತೆಯಾಗುತ್ತದೆ.

‘ಯಶಸ್ತಿಲಕ’ವನ್ನು ಕ್ರಿ.ಶ. ೯೫೯ರಲ್ಲಿ ಪೂರೈಸಿದ ಸೋಮದೇವಸೂರಿಯ ‘ನೀತಿವಾಕ್ಯಾಮೃತ’ವನ್ನು ಕೌಟಿಲ್ಯನ ಸಂಗ್ರಹವೆಂದೇ ಎಣಿಸುವವರುಂಟು. ಮೂವರು ಚಾರರ ಮಾತು ಒಂದಾದಾಗ ನಂಬಬೇಕೆಂಬ ನಿಯಮ ಎರಡರಲ್ಲಿಯೂ ಇರುವುದು ನಿಜ. ಆದರೆ ಸೋಮದೇವನ ಚಾರಸಮುದ್ದೇಶದಲ್ಲಿ ಮಡದಿ ಮಕ್ಕಳ ಒತ್ತೆಯಿಲ್ಲ. ಅದರ ಸ್ಥಾನದಲ್ಲಿ ಚಾರನ ಗುಣಗಳಿವೆ: ಲೋಲುಪತೆಯಿಲ್ಲದಿರುವಿಕೆ, ಜಡತೆಯಿಲ್ಲದಿರುವಿಕೆ, ಸುಳ್ಳಾಡದಿರುವಿಕೆ, ಊಹಾಶಕ್ತಿ. ಅವನಿಗೆ ತೃಪ್ತಿಯಾಗುವಂತೆ ಕೊಡುವುದೇ ಅವನ ವೇತನ.

ಇಲ್ಲೊಂದು ತೊಡಕನ್ನು ಗಮನಿಸಬೇಕು. ಲೋಲುಪತೆ ಕೂಡದೆಂದ ಆಚಾರ್ಯನೇ, ಆ ದಾನದ ಲೋಭದಿಂದ ಚಾರರು ಸ್ವಾಮಿಕಾರ್ಯದಲ್ಲಿ ತ್ವರೆಪಡುವರೆಂದೂ ಹೇಳುತ್ತಾನೆ. ಹಗೆಯ ಆಮಿಷಕ್ಕೆ ಮಣಿಯದಿರುವುದೇ ಮೊದಲನೆಯ ಮಾತಿನ ಅರ್ಥವೆಂದರೆ ಸಮಾಧಾನ ದೊರೆಯಬಹುದು. ಆದರೂ ಕೌಟಿಲ್ಯನಲ್ಲಿ ಭಯವು ಮಾಡಿದ ಕೆಲಸವನ್ನು ಇಲ್ಲಿ ಲೋಭವು ಮಾಡುತ್ತದೆಯೆಂಬುದನ್ನು ಮರೆಮಾಚಲಾಗದು.

ಶ್ರಾವಕನ ದೃಷ್ಟಿಯಿಂದ ತೊಡಕು ಇನ್ನೂ ಆಳವಾದುದು. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ರಹೋಭ್ಯಾಖ್ಯಾನ, ಸಾಕಾರಮಂತ್ರಭೇದಗಳನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಪರರ ಗುಟ್ಟನ್ನು ಹೊರಗೆಡಹುವುದು, ಮುಖಭಾವದಿಂದ ಅವರ ಅಭಿಪ್ರಾಯವನ್ನರಿತು ಬಯಲು ಮಾಡುವುದು ಚಾರನ ನಿತ್ಯದ ಕೆಲಸವಲ್ಲವೆ? ‘ಸರ್ವಾರ್ಥಸಿದ್ಧಿ’ಯಲ್ಲಿ ಪೂಜ್ಯಪಾದರು ಸಾಕಾರಮಂತ್ರಭೇದಕ್ಕೆ ಅಸೂಯಾದಿಗಳನ್ನು ನಿಮಿತ್ತವಾಗಿ ಹೇಳಿರುವುದರಿಂದ, ದೋಷವಿಚಾರದಲ್ಲಿ ಕ್ರಿಯೆಯಷ್ಟೇ ಆಶಯವೂ ಮುಖ್ಯವಾಗುತ್ತದೆ. ಮಡದಿ ಮಕ್ಕಳು ಒತ್ತೆಯಾಗಿರುವವನ ಆಶಯವು ಭಯಕ್ಕೆ ಅಧೀನ. ಅದರ ಶುದ್ಧಿಯನ್ನು ಅಳೆಯುವುದೆಂತು? ಸೋಮದೇವನು ಗುಣಕ್ಕೆ ಕೊಟ್ಟ ಪ್ರಾಶಸ್ತ್ಯಕ್ಕೆ ಇಲ್ಲಿ ಅರ್ಥ ಕಾಣುತ್ತದೆ.

ಒತ್ತೆಯ ವಿಷಯದಲ್ಲಿ ಅವನ ಮೌನವನ್ನು ಕರುಣೆಯೆಂದು ಹೊಗಳುವುದು ಆತುರದ ಮಾತಾದೀತು. ಮನೆಯೋ ಒಡೆಯನೋ ಎಂಬ ದ್ವಂದ್ವವನ್ನು ಅವನು ಬಿಡಿಸಿಲ್ಲ. ಆದರೆ ಅದರ ಭಾರವನ್ನು ಚಾರನ ಮೇಲೆಯೇ ಇರಿಸಿ, ಮಕ್ಕಳ ಮೇಲೆ ಹೊರಿಸದೆ ಬಿಟ್ಟಿದ್ದಾನೆ. ಸಂಧಿವಿಗ್ರಹಿಯಾಗಿದ್ದ ನೇಮಿನಾಥನು ಈ ಗ್ರಂಥಕ್ಕೆ ಬರೆದ ಕನ್ನಡ ಟೀಕೆಯನ್ನು ಪರಿಶೀಲಿಸುವವರು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವುದು ಲೇಸು.