ಆಕರನಿರ್ವಾಹಕ ತಂತ್ರಾಂಶಗಳ ಗುಣದೋಷವಿಚಾರ

ಮೂಲದ ಆಧಾರವಿಲ್ಲದೆ ತಾನು ಏನನ್ನೂ ಬರೆಯುವುದಿಲ್ಲವೆಂದು ಮಲ್ಲಿನಾಥಸೂರಿಯು ತನ್ನ ವ್ಯಾಖ್ಯಾನದ ಆರಂಭದಲ್ಲಿಯೇ ಪ್ರತಿಜ್ಞೆಮಾಡಿರುವನು. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರಿಗೆ ಈ ಪ್ರತಿಜ್ಞೆ ಹೊಸದಲ್ಲ. ಅದನ್ನು ನಡಸಿಕೊಡುವ ಸಾಧನಗಳು ಮಾತ್ರ ಕಾಲಕಾಲಕ್ಕೆ ಬೇರೆಯಾಗಿವೆ. ನಮ್ಮ ಗುರುಗಳು ಗ್ರಂಥಗಳನ್ನು ಕಂಠಸ್ಥವಾಗಿಟ್ಟುಕೊಂಡಿದ್ದರು. ನಾವು ಚೀಟಿಗಳಲ್ಲಿ ಬರೆದು ಮರದ ಪೆಟ್ಟಿಗೆಯಲ್ಲಿ ಅಕಾರಾದಿಯಾಗಿ ಜೋಡಿಸಿದೆವು. ನಮ್ಮ ವಿದ್ಯಾರ್ಥಿಗಳು ಆ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದ್ದಾರೆ. ಒಪ್ಪಿಸುವುದು ತಪ್ಪಲ್ಲ, ಯಾರಿಗೆ ಒಪ್ಪಿಸುತ್ತಿದ್ದೇವೆಂಬುದನ್ನು ವಿಚಾರಿಸದೆ ಒಪ್ಪಿಸುವುದು ತಪ್ಪು. ಈ ವಿಚಾರವೇ ಪ್ರಕೃತ ಲೇಖನದ ವಿಷಯ.

ಈ ತಂತ್ರಾಂಶಗಳು ಮಾಡುವ ಕೆಲಸ ಮೂರು ಬಗೆಯದು. ಗ್ರಂಥ, ಲೇಖನಗಳ ಕರ್ತೃ, ಶೀರ್ಷಿಕೆ, ಪ್ರಕಾಶಕ, ವರ್ಷ ಮುಂತಾದುವನ್ನು ಸಂಗ್ರಹಿಸುವುದು ಒಂದು. ಬರೆಯುವಾಗ ಅಡಿಟಿಪ್ಪಣಿಯನ್ನು ಸ್ಥಳದಲ್ಲಿ ಸೇರಿಸುವುದು ಎರಡನೆಯದು. ಕೊನೆಯಲ್ಲಿ ಆಕರಗಳ ಪಟ್ಟಿಯನ್ನು ಕೇಳಿದ ಶೈಲಿಯಲ್ಲಿ ರಚಿಸಿಕೊಡುವುದು ಮೂರನೆಯದು. ಈ ವರ್ಗದಲ್ಲಿ ನಾಲ್ಕು ಹೆಸರುಗಳು ಪ್ರಸಿದ್ಧವಾಗಿವೆ. ೧೯೮೫ರಲ್ಲಿ ಹುಟ್ಟಿದ ಬಿಬ್‌ಟೆಕ್ ಗಣಿತಶಾಸ್ತ್ರಜ್ಞರಿಗೂ ಭೌತವಿಜ್ಞಾನಿಗಳಿಗೂ ಪ್ರಿಯವಾದುದು. ೧೯೮೦ರ ದಶಕದ ಕೊನೆಯಿಂದ ಬಳಕೆಯಲ್ಲಿರುವ ಎಂಡ್‌ನೋಟ್ ಈಗ ಕ್ಲಾರಿವೇಟ್ ಕಂಪನಿಯ ಸ್ವತ್ತು. ಅದನ್ನು ಹಣಕೊಟ್ಟು ಪಡೆಯಬೇಕು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದ ಇತಿಹಾಸಜ್ಞರು ೨೦೦೬ರಲ್ಲಿ ಹೊರತಂದ ಜೋಟೆರೋ ಮುಕ್ತ ತಂತ್ರಾಂಶವಾದುದು. ಲಂಡನ್ನಿನಲ್ಲಿ ೨೦೦೮ರಲ್ಲಿ ಬಿಡುಗಡೆಯಾದ ಮೆಂಡೆಲಿಯನ್ನು ೨೦೧೩ರಲ್ಲಿ ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆಯು ಕೊಂಡುಕೊಂಡಿತು.

ಇವುಗಳಲ್ಲಿ ಯಾವುದನ್ನು ಆರಿಸತಕ್ಕದ್ದು? ಸುಲಭವಾದುದನ್ನು, ಹೆಚ್ಚು ಸ್ಥಳಕೊಡುವುದನ್ನು ಆರಿಸಬೇಕೆಂಬುದು ಪೂರ್ವಪಕ್ಷ. ಮೆಂಡೆಲಿಯು ತನ್ನ ಭಂಡಾರದಲ್ಲಿ ೨ ಜಿ.ಬಿ. ಸ್ಥಳವನ್ನು ಉಚಿತವಾಗಿ ಕೊಡುತ್ತದೆ, ಜೋಟೆರೋ ಕೊಡುವುದು ೩೦೦ ಎಂ.ಬಿ. ಮಾತ್ರ, ಆದಕಾರಣ ಮೊದಲನೆಯದೇ ಗ್ರಾಹ್ಯವೆನ್ನುವರು. ಇದಕ್ಕೆ ಸಮಾಧಾನವೇನೆಂದರೆ, ಆ ಮಿತಿಯು ಜೊತೆಗಿಟ್ಟ ಪಿಡಿಎಫ್ ಮೊದಲಾದ ಕಡತಗಳಿಗೇ ಹೊರತು ನಾವು ಬರೆದಿಟ್ಟ ವಿವರಗಳಿಗಲ್ಲ. ಕಡತಗಳನ್ನು ಸ್ವಂತ ಯಂತ್ರದಲ್ಲಿ ಎಷ್ಟಾದರೂ ಇಟ್ಟುಕೊಳ್ಳಬಹುದು. ಆದುದರಿಂದ ಸ್ಥಳವು ಮುಖ್ಯ ನಿಕಷವಲ್ಲ. ಪ್ರವೇಶದ ಸೌಕರ್ಯಕ್ಕಿಂತ ನಿರ್ಗಮದ ಸ್ವಾತಂತ್ರ್ಯವು ದೊಡ್ಡದೆಂಬುದೇ ನಮ್ಮ ಮೊದಲನೆಯ ಸಿದ್ಧಾಂತ.

ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ಚೀಟಿಗಳನ್ನೆಲ್ಲ ಒಂದು ಕಂಪನಿಯ ತಂತ್ರಾಂಶಕ್ಕೆ ಏರಿಸಿದೆನು. ಅದರ ಹೆಸರು ಇಲ್ಲಿ ಅಪ್ರಸ್ತುತ. ವಿದ್ಯಾಸಂಸ್ಥೆಯು ಚಂದಾ ನಿಲ್ಲಿಸಿದೊಡನೆ ನಾನು ಬೇರೆಡೆಗೆ ಹೋಗಬೇಕಾಯಿತು. ಗ್ರಂಥಗಳ ಹೆಸರುಗಳು ನನ್ನೊಡನೆ ಬಂದವು. ವಿಷಯಾನುಸಾರವಾಗಿ ಮಾಡಿದ್ದ ವಿಭಾಗಗಳೂ ಪುಟಗಳ ಮೇಲೆ ಎಳೆದಿದ್ದ ಗೆರೆಗಳೂ ಬರಲಿಲ್ಲ. ಅಲಂಕಾರಶಾಸ್ತ್ರದ ಚೀಟಿಯೂ ಶಾಸನದ ಚೀಟಿಯೂ ಒಂದೇ ರಾಶಿಯಾಗಿ ಬಿದ್ದವು. ಮರದ ಪೆಟ್ಟಿಗೆಯನ್ನು ಹೊತ್ತು ಮನೆ ಬದಲಾಯಿಸಿದಾಗ ಇಂಥ ನಷ್ಟ ಒದಗಿರಲಿಲ್ಲ.

ನಿರ್ಗಮದ ಪ್ರಶ್ನೆಯು ಒಬ್ಬನ ದುಃಖ ಮಾತ್ರವಲ್ಲವೆಂಬುದಕ್ಕೆ ಸಾರ್ವಜನಿಕ ನಿದರ್ಶನಗಳುಂಟು. ಎಂಡ್‌ನೋಟಿನ ಶೈಲಿಕಡತಗಳನ್ನು ಜೋಟೆರೋ ಓದಿಕೊಳ್ಳುವುದೆಂಬ ಕಾರಣದಿಂದ, ಆಗ ಅದರ ಒಡೆತನ ಹೊಂದಿದ್ದ ಥಾಮ್ಸನ್ ರಾಯ್ಟರ್ಸ್ ಸಂಸ್ಥೆಯು ೨೦೦೮ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದ ಮೇಲೆ ದಾವೆ ಹೂಡಿತು. ೨೦೦೯ರಲ್ಲಿ ಆ ದಾವೆ ವಜಾ ಆಯಿತು. ಮೆಂಡೆಲಿಯು ಬಳಕೆದಾರರ ಯಂತ್ರದಲ್ಲಿರುವ ಸಂಗ್ರಹವನ್ನೇ ೨೦೧೮ರಲ್ಲಿ ಗೂಢಲಿಪಿಗೆ ತಿರುಗಿಸಿತು. ೨೦೨೨ರಲ್ಲಿ ತನ್ನ ಹಳೆಯ ಡೆಸ್ಕ್‌ಟಾಪ್ ಆವೃತ್ತಿಯನ್ನು ಹೊಸದಾಗಿ ಪಡೆಯುವ ಮಾರ್ಗವನ್ನು ಮುಚ್ಚಿತು. ಬಿಬ್‌ಟೆಕ್ ಕಡತವಾದರೋ ಬರಿಯ ಅಕ್ಷರಗಳ ಕಡತ. ಯಾವ ಯಂತ್ರದಲ್ಲಿಯೂ ತೆರೆದು ಓದಬಹುದು. ಜೋಟೆರೋವಿನ ಸಂಗ್ರಹವೂ ಬಹಿರಂಗವಾದ ವಿನ್ಯಾಸದಲ್ಲಿದೆ. ಅದನ್ನು ಬಿಬ್‌ಟೆಕ್, ಆರ್‌ಐಎಸ್ ಮುಂತಾದ ರೂಪಗಳಲ್ಲಿ ಹೊರತೆಗೆಯಬಹುದು. ಈ ನಿಕಷದಲ್ಲಿ ಇವೆರಡೇ ಮೇಲಾಗಿ ನಿಲ್ಲುವುವು.

ಎರಡನೆಯ ನಿಕಷವು ಹೆಸರು. ಇವೆಲ್ಲವೂ ಹುಟ್ಟಿದುದು ಕುಲನಾಮವು ಕೊನೆಯಲ್ಲಿ ಬರುವ ದೇಶಗಳಲ್ಲಿ. ನನ್ನ ಬಳಿ ಪರಿಶೀಲನೆಗೆ ಬಂದ ಒಂದು ಪ್ರಬಂಧದ ಪಟ್ಟಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 'ಅಯ್ಯಂಗಾರ್, ಮಾಸ್ತಿ ವೆಂಕಟೇಶ' ಎಂದು ಅಕಾರದಲ್ಲಿ ಕುಳಿತಿದ್ದರು. ಅದೇ ಪಟ್ಟಿಯಲ್ಲಿ ರಸವಿಚಾರದ ಭಟ್ಟನಾಯಕನು 'ನಾಯಕ, ಭಟ್ಟ' ಎಂದಾಗಿದ್ದನು! ವಿದ್ಯಾರ್ಥಿನಿಯನ್ನು ಕೇಳಲು, "ಪಂಡಿತರೇ, ತಂತ್ರಾಂಶವೇ ಹಾಗೆ ಮಾಡಿತು" ಎಂದಳು. "ತಾಯಿ, ತಂತ್ರಾಂಶಕ್ಕೆ ಭಟ್ಟನಾಯಕನಾರೆಂದು ತಿಳಿಯದು; ನಿನಗೆ ತಿಳಿದಿದೆಯಲ್ಲ!" ಎಂದೆನು. ಆಕೆ ನಕ್ಕಳು, ಆದರೆ ಪಟ್ಟಿಯನ್ನು ತಿದ್ದಲು ಮೂರು ವಾರ ಹಿಡಿಯಿತು. ಪ್ರಬಂಧವನ್ನು ಸಲ್ಲಿಸುವ ಅವಧಿ ತೀರಲು ಉಳಿದಿದ್ದುದು ನಾಲ್ಕೇ ವಾರ.

ಇಲ್ಲಿ ವಿವೇಚನೆ ಅವಶ್ಯಕ. ಡಿ. ಎಲ್. ನರಸಿಂಹಾಚಾರ್ಯರ ಹೆಸರನ್ನು 'ನರಸಿಂಹಾಚಾರ್, ಡಿ. ಎಲ್.' ಎಂದು ತಿರುಗಿಸಿದರೆ ದೋಷವಿಲ್ಲ. ಮುಂದಿರುವುವು ಮೊದಲಕ್ಷರಗಳು ಮಾತ್ರ, ಸ್ವನಾಮವು ಕೊನೆಯಲ್ಲಿದೆ. ಮಾಸ್ತಿಯವರ ಹೆಸರಿನಲ್ಲಿ ಕೊನೆಯದು ಪಂಗಡಸೂಚಕ. ಅಲ್ಲಿ ತಿರುಗಿಸುವುದು ಸಲ್ಲದು. ಆನಂದವರ್ಧನ, ಅಭಿನವಗುಪ್ತ ಮೊದಲಾದವರದು ಒಂದೇ ನಾಮ. ಇಂಥವುಗಳಿಗೆ ಪ್ರತಿಯೊಂದು ತಂತ್ರಾಂಶದಲ್ಲಿಯೂ ಉಪಾಯವುಂಟು. ಜೋಟೆರೋದಲ್ಲಿ ಎರಡು ಅಂಕಣಗಳನ್ನು ಒಂದಾಗಿಸುವ ಗುಂಡಿಯಿದೆ. ಎಂಡ್‌ನೋಟಿನಲ್ಲಿ ಪೂರ್ಣನಾಮದ ಕೊನೆಗೆ ಅಲ್ಪವಿರಾಮವನ್ನು ಹಾಕಬೇಕು. ಬಿಬ್‌ಟೆಕ್‌ನಲ್ಲಿ ಹೆಸರನ್ನು ಜೋಡಿ ಪುಷ್ಪಾವರಣದಲ್ಲಿಡಬೇಕು. ಉಪಾಯವು ಯಂತ್ರದಲ್ಲಿದ್ದರೂ ವಿವೇಕವು ಬಳಸುವವನಲ್ಲಿಯೇ ಇರಬೇಕು.

ಮೂರನೆಯ ನಿಕಷವು ನಮ್ಮ ಆಕರಗಳ ಸ್ವರೂಪ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು ೧೮೯೮ರಲ್ಲಿ ಅಚ್ಚುಹಾಕಿಸಿದರು. ಕರ್ತೃ-ವರ್ಷ ಶೈಲಿಯನ್ನು ಆರಿಸಿದರೆ ಯಂತ್ರವು '(ಶ್ರೀವಿಜಯ ೧೮೯೮)' ಎಂದು ಬರೆಯುವುದು. ನೃಪತುಂಗನ ಸಭೆಯ ಕವಿಯು ವಿಕ್ಟೋರಿಯಾ ರಾಣಿಯ ಸಮಕಾಲೀನನಾಗುವನು. ಪ್ರಾಚೀನ ಗ್ರಂಥಗಳನ್ನು ಕುರಿತು ಬರೆಯುವವರು ಅಡಿಟಿಪ್ಪಣಿಯ ಶೈಲಿಯನ್ನೇ ಆರಿಸುವುದು ಲೇಸು. ಶಾಸನಕ್ಕಂತೂ ಜೋಟೆರೋದಲ್ಲಿ ಪ್ರತ್ಯೇಕ ವರ್ಗವೇ ಇಲ್ಲ. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕದ ಸಂಖ್ಯೆಗಳು ಬೇರೆ, ೧೯೭೨ರಿಂದ ಮೈಸೂರಿನಲ್ಲಿ ಹೊರಬಂದ ಪರಿಷ್ಕೃತ ಮಾಲೆಯ ಸಂಖ್ಯೆಗಳು ಬೇರೆ. ಯಾವ ಮಾಲೆ, ಯಾವ ಸಂಪುಟ, ಯಾವ ತಾಲ್ಲೂಕು, ಎಷ್ಟನೆಯ ಶಾಸನ ಎಂಬ ನಾಲ್ಕನ್ನೂ ಬಳಸುವವನೇ ತನ್ನ ಕೈಯಿಂದ ತುಂಬಬೇಕು.

ಲಿಪಿಯ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಹಳೆಯ ನುಡಿ ಮುಂತಾದ ತಂತ್ರಾಂಶಗಳ ಅಕ್ಷರವಿನ್ಯಾಸದಲ್ಲಿ ಟೈಪುಮಾಡಿದುದನ್ನು ಯೂನಿಕೋಡಿಗೆ ಪರಿವರ್ತಿಸದೆ ಇವುಗಳಲ್ಲಿ ಸೇರಿಸಿದರೆ ಓದಲಾಗದ ಚಿಹ್ನೆಗಳ ಸಾಲು ಮಾತ್ರ ಉಳಿಯುವುದು. ಅಂತರ್ಜಾಲದಿಂದ ವಿವರಗಳನ್ನು ತಾನಾಗಿ ತಂದುಕೊಳ್ಳುವ ಸೌಕರ್ಯವೂ ನಮ್ಮ ಹಳೆಯ ಪುಸ್ತಕಗಳಿಗೆ ಹೆಚ್ಚು ಒದಗದು. ಕವಿಚರಿತೆಯ ಮೊದಲ ಸಂಪುಟ ಪ್ರಕಟವಾದ ೧೯೦೭ರಲ್ಲಿ ಐಎಸ್‌ಬಿಎನ್ ಸಂಖ್ಯೆಯೆಂಬುದೇ ಇರಲಿಲ್ಲ.

ಹಾಗಾದರೆ ನಿರ್ಣಯವೇನು? ಕನ್ನಡ, ಸಂಸ್ಕೃತಗಳಲ್ಲಿ ಸಂಶೋಧನೆಮಾಡುವವರಿಗೆ ಸದ್ಯದಲ್ಲಿ ಜೋಟೆರೋ ಗ್ರಾಹ್ಯವೆಂದು ತೋರುತ್ತದೆ. ಅದು ನಿರ್ದೋಷವೆಂದಲ್ಲ, ಅದರ ದೋಷಗಳನ್ನು ನಾವೇ ತಿದ್ದಿಕೊಳ್ಳಲು ಬಾಗಿಲು ತೆರೆದಿದೆಯೆಂದು. ಉಲ್ಲೇಖಶೈಲಿಗಳನ್ನು ಬರೆಯಲು ಅದು ಬಳಸುವ ಸಿಎಸ್‌ಎಲ್ ಎಂಬ ಭಾಷೆಯನ್ನು ಮೆಂಡೆಲಿಯೂ ಬಳಸುತ್ತದೆ. ಆ ಕಡತಗಳನ್ನು ಯಾರಾದರೂ ಓದಿ ತಿದ್ದಬಹುದು. ಕನ್ನಡ ಪ್ರಬಂಧದ ನಡುವೆ 'ಎಟ್ ಆಲ್' ಎಂದು ಬರುವ ಸ್ಥಳದಲ್ಲಿ 'ಮತ್ತು ಇತರರು' ಎಂದೂ, 'ಎಡಿಟರ್' ಎಂಬಲ್ಲಿ 'ಸಂಪಾದಕರು' ಎಂದೂ ಬರುವಂತೆ ಒಂದು ಕನ್ನಡ ಶೈಲಿಯನ್ನು ಬರೆಯುವುದು ಅಸಾಧ್ಯವಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ಪ್ರತಿಸಲವೂ ಮಾಡುವ ಮೂರು ವಾರದ ತಿದ್ದುಪಡಿಯನ್ನು ನಮ್ಮ ವಿದ್ವತ್ಸಭೆಯು ಒಂದೇ ಸಲ ಮಾಡಿ ಎಲ್ಲರಿಗೂ ಹಂಚಬಹುದು. ಹೆಸರುಗಳ ಕ್ರಮ, ಶಾಸನಗಳ ನಿರ್ದೇಶ, ಶಕವರ್ಷಗಳ ಬರವಣಿಗೆ, ಇವುಗಳ ವಿಷಯದಲ್ಲಿ ಮೊದಲು ನಾವು ಒಮ್ಮತಕ್ಕೆ ಬರಬೇಕು. ಅದು ಯಂತ್ರದ ಕೆಲಸವಲ್ಲ, ಪಂಡಿತರ ಕೆಲಸ.

ಲಿಪಿಕಾರನು ಎಷ್ಟು ಜಾಣನಾದರೂ ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡುವ ಹೊಣೆ ಗ್ರಂಥಕರ್ತನದೇ ಆಗಿತ್ತು. ಈ ಹೊಸ ಲಿಪಿಕಾರನು ಬಹಳ ವೇಗಶಾಲಿ. ಆದುದರಿಂದ ಅವನ ತಪ್ಪುಗಳೂ ವೇಗವಾಗಿ ಹಬ್ಬುವುವು. ಮಲ್ಲಿನಾಥನ ಪ್ರತಿಜ್ಞೆಯನ್ನು ಇವನಿಂದ ಮಾಡಿಸಲಾಗದು. ಅದನ್ನು ನಾವೇ ಮಾಡಬೇಕು.