ಬೆಳಕಿಂಡಿಯ ಕೆಳಗೆ: ಮನೆ-ಊರಿನ ಫೋಟೊ ನೋಡುವ ರಸಿಕರಿಗೊಂದು ಕೈಪಿಡಿ

ಹಂಪಿಗೆ ಹೋದವರು ಕ್ಯಾಮೆರಾ ತೆಗೆಯುವ ಮೊದಲು ವಿರೂಪಾಕ್ಷ ಗುಡಿಯ ಹಿಂಬದಿಗೊಮ್ಮೆ ಹೋಗಿಬರಬೇಕು. ಗರ್ಭಗುಡಿಯ ಹಿಂದೆ, ಪಡುವಣ ಬಾಗಿಲ ಕಡೆ ಮೆಟ್ಟಿಲೇರಿದರೆ ಒಂದು ಕತ್ತಲೆ ಕೋಣೆ, ಗೋಡೆಯಲ್ಲಿ ಸಣ್ಣದೊಂದು ಕಿಂಡಿ. ಎದುರು ಗೋಡೆಯ ಮೇಲೆ ಮೂಡಣದ ಹೆಬ್ಬಾಗಿಲ ಗೋಪುರ, ಒಂಬತ್ತು ನೆಲೆಯ, ಸುಮಾರು 50 ಮೀಟರ್ ಎತ್ತರದ ಆ ಗೋಪುರ, ಕಳಸ ಕೆಳಗಾಗಿ ಮೂಡಿರುತ್ತದೆ. ಬೆಳಕು ನೇರವಾಗಿಯೇ ಚಲಿಸುವುದರಿಂದ ಕಳಸದಿಂದ ಹೊರಟದ್ದು ಕಿಂಡಿ ದಾಟಿ ಗೋಡೆಯ ಕೆಳಕ್ಕೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲಕ್ಕೆ. ಲೆನ್ಸಿಲ್ಲ, ಫಿಲಂ ಇಲ್ಲ. ಕ್ಯಾಮೆರಾದ ಮೂಲತತ್ವ ಮಾತ್ರ ಪೂರ್ತಿ ಅಲ್ಲಿದೆ.

ಒಳಗೆ ಕಾಲಿಟ್ಟ ಕೂಡಲೇ ಅದು ಸರಿಯಾಗಿ ಕಾಣುವುದಿಲ್ಲ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲೇ ಮೊಬೈಲಿನ ಬೆಳಕು ಹಾಕಿದರೆ ಇದ್ದ ಚಿತ್ರವೂ ಮಾಯ. ಸುಮ್ಮನೆ ನಿಂತವರಿಗೆ ಒಂದೊಂದೇ ನೆಲೆ ತೆರೆದುಕೊಳ್ಳುತ್ತದೆ. ಫೋಟೊ ನೋಡುವುದನ್ನು ಇಲ್ಲಿಂದಲೇ ಕಲಿಯಿರಿ ಎಂದು ನಾನು ಹೇಳುವುದು ಇದಕ್ಕೇ. ಚಿತ್ರ ಕೊಡುವ ನೆಮ್ಮದಿ ಸೂರ್ಯಾಸ್ತದಲ್ಲೋ ಹೊಳೆಯಲ್ಲೋ ಇಲ್ಲ. ಯಾರೋ ಒಬ್ಬರು ಆ ಜಾಗದಲ್ಲಿ, ಆ ಜನರ ಬಳಿ ಎಷ್ಟು ಹೊತ್ತು ನಿಂತಿದ್ದರು ಎಂಬುದರಲ್ಲಿದೆ. ಆ ಹೊತ್ತನ್ನು ಚಿತ್ರದಲ್ಲಿ ಗುರುತಿಸಲು ಬಂದರೆ ನೀವು ರಸಿಕರಾದಂತೆ.

ಇದೇ ವಿದ್ಯೆ ಬಳ್ಳಾರಿ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲೂ ಇದೆ. ಮಣ್ಣಿನ ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಪಡಸಾಲೆಗೆ ಇಳಿಯುತ್ತದೆ. ಕಿಂಡಿ ಸಣ್ಣದಾಗಿ, ನೆಲ ದೂರವಿದ್ದರೆ ಕಿಂಡಿಯ ಆಕಾರ ಹೇಗೇ ಇರಲಿ, ನೆಲದ ಮೇಲಿನ ಬೆಳಕು ದುಂಡಗೇ ಇರುತ್ತದೆ. ಏಕೆಂದರೆ ಅದು ಸೂರ್ಯನದೇ ಚಿತ್ರ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಮರಗಳ ಕೆಳಗೆ ನೋಡಿದವರಿಗೆ ಇದು ಗೊತ್ತು: ಎಲೆಗಳ ಸಂದಿಯಿಂದ ಬಿದ್ದ ಬಿಲ್ಲೆಗಳೆಲ್ಲ ಬಿದಿಗೆಯ ಚಂದ್ರರಾಗಿದ್ದವು. ಪಡಸಾಲೆಯ ಆ ಬಿಲ್ಲೆ ಹೊತ್ತೇರಿದಂತೆ ಜರುಗುತ್ತದೆ. ಅಕ್ಕಿ ಆರಿಸುತ್ತ ಕೂತ ಅಜ್ಜಿಯ ಮೊರದ ಅಂಚಿಗೆ ಬಂದು, ಬಳೆ ಮುಟ್ಟಿ, ಮುಂದೆ ಹೋಗುತ್ತದೆ. ಅಂಥದ್ದೊಂದು ಚಿತ್ರ ಕಂಡಾಗ ಬೆಳಕು ಎಲ್ಲಿಂದ ಬಂದಿದೆ ಎಂದು ಮೊದಲು ಹುಡುಕಿ. ದಿಕ್ಕು ಸಿಕ್ಕರೆ ಹೊತ್ತು ತಿಳಿಯುತ್ತದೆ, ಹೊತ್ತು ತಿಳಿದರೆ ಆ ಮನೆಯಲ್ಲಿ ಆಗ ಏನು ನಡೆದಿತ್ತು ಎಂಬುದೂ ಊಹೆಗೆ ನಿಲುಕುತ್ತದೆ. ನಮ್ಮ ಕಡೆಯ ನಡುಹಗಲಿನ ಬಿಸಿಲು ಮುಖದ ಮೇಲೆ ಕಣ್ಣುಗುಳಿಯ ಕಪ್ಪು ಬಿಟ್ಟು ಮಿಕ್ಕದ್ದನ್ನೆಲ್ಲ ಸುಟ್ಟುಹಾಕುತ್ತದೆ. ಹೊಸಪೇಟೆಯ ಮನೆಗಳ ಒಳ್ಳೆಯ ಚಿತ್ರಗಳು ಬಹುಪಾಲು ಹೊಸ್ತಿಲ ಒಳಗಡೆ ಹುಟ್ಟಿರುವುದು ಇದೇ ಕಾರಣಕ್ಕೆ.

ಎರಡನೆಯ ಅಭ್ಯಾಸಕ್ಕೆ ಹಂಪಿಯ ಹಳೆಯ ಫೋಟೊಗಳನ್ನು ಹುಡುಕಿ ನೋಡಿ. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಇಲ್ಲಿನ ಗುಡಿ ಮಂಟಪಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದರು. ಒಂದೊಂದು ಚಿತ್ರಕ್ಕೂ ಕ್ಯಾಮೆರಾ ನಿಮಿಷಗಟ್ಟಲೆ ತೆರೆದಿರಬೇಕಾಗಿದ್ದ ಕಾಲ ಅದು. ನಡೆದುಹೋದವರ ಗುರುತು ಕಾಗದದಲ್ಲಿ ಉಳಿಯುತ್ತಿರಲಿಲ್ಲ, ಕದಲದೆ ನಿಂತವರು ಮಾತ್ರ ಉಳಿಯುತ್ತಿದ್ದರು. ಸುಮಾರು ನೂರಿಪ್ಪತ್ತೈದು ವರ್ಷಗಳ ನಂತರ, 1980ರ ದಶಕದಲ್ಲಿ, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅದೇ ಕೋನದಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ವಿಠ್ಠಲ ಗುಡಿಯ ಕಲ್ಲಿನ ರಥವನ್ನೇ ನೋಡಿ. 2017ರಿಂದ ಬಂದ ₹50ರ ನೋಟಿನ ಹಿಂಬದಿಯಲ್ಲಿ ನಾವು ದಿನಾ ಕಾಣುವ ರಥಕ್ಕೆ ಶಿಖರವಿಲ್ಲ. ಗ್ರೀನ್‌ಲಾ ಚಿತ್ರದಲ್ಲಿ ಅದರ ತಲೆಯ ಮೇಲೆ ಇಟ್ಟಿಗೆಯ ಗೋಪುರವೊಂದು ಇನ್ನೂ ನಿಂತಿದೆ. ಕಲ್ಲು ಕೂಡ ಇದ್ದ ಹಾಗೇ ಇರುವುದಿಲ್ಲ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಈಗ ನಿಮ್ಮ ಮನೆಯ ಆಲ್ಬಂ ತೆಗೆಯಿರಿ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಅದೇ ರಥದ ಮುಂದೆ ತೆಗೆಸಿಕೊಂಡ ಫೋಟೊ ಒಂದಾದರೂ ಇರುತ್ತದೆ. ಹೊಸದಾಗಿ ಮದುವೆಯಾದ ಚಿಕ್ಕಪ್ಪ ಚಿಕ್ಕಮ್ಮ, ಶಾಲೆಯ ಪ್ರವಾಸ, ಚಕ್ರಕ್ಕೆ ಒರಗಿದ ಮಕ್ಕಳು. ಇಂಥ ಫೋಟೊ ಬೆಲೆಯಿಲ್ಲದ್ದೆಂದು ಬದಿಗಿಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ಗ್ರೀನ್‌ಲಾ ತೆಗೆದದ್ದು ಗುಡಿಯನ್ನು. ಚಿಕ್ಕಪ್ಪನ ಫೋಟೊದಲ್ಲಿ ಗುಡಿಯ ಜೊತೆಗೆ ಒಂದು ಸಂಬಂಧವೂ ಸಿಕ್ಕಿದೆ. ಅದನ್ನು ಮುಖಗಳಲ್ಲಿ ಹುಡುಕಬೇಡಿ. ಫೋಟೊ ಎಂದರೆ ಮುಖ ಬಿಗಿಯಾಗುತ್ತದೆ, ಅದರಲ್ಲೂ ಹಿಂದಿನವರು ನಗುತ್ತಲೇ ಇರಲಿಲ್ಲ. ಕೈಗಳನ್ನು ನೋಡಿ. ಚಿಕ್ಕಮ್ಮನ ಕೈ ಸೆರಗಿನ ತುದಿ ಹಿಡಿದಿದೆಯೇ, ಮಗುವಿನ ಭುಜದ ಮೇಲಿದೆಯೇ? ಅಪ್ಪನ ಕೈ ಅಜ್ಜನ ಹತ್ತಿರ ಬಂದು ಮುಟ್ಟದೆ ನಿಂತಿದೆಯೇ? ಮುಖ ಬಚ್ಚಿಟ್ಟದ್ದನ್ನು ಕೈ ಹೇಳಿಬಿಡುತ್ತದೆ.

ಅಂಚುಗಳನ್ನೂ ಬಿಡಬೇಡಿ. ಅರ್ಧಕ್ಕೆ ಕತ್ತರಿಸಿಹೋದ ಸೈಕಲ್, ಬುತ್ತಿಯ ಗಂಟು, ಯಾರದೋ ಚಪ್ಪಲಿ. ತೆಗೆದವರು ಬೇಕೆಂದು ಸೇರಿಸಿದ್ದಲ್ಲ, ತಾನಾಗಿ ಬಂದು ಕೂತದ್ದು. ಆ ದಿನದ ವಾರ್ತೆಯೆಲ್ಲ ಇರುವುದು ಅಲ್ಲೇ. ಆಮೇಲೆ ಕೇಳಿಕೊಳ್ಳಬೇಕಾದದ್ದು, ಈ ಫೋಟೊ ತೆಗೆದವರು ಯಾರು? ಚಿತ್ರದಲ್ಲಿ ಕಾಣದೆ ಇರುವ ಆ ಒಬ್ಬರ ಕಡೆಗೇ ಎಲ್ಲರ ಕಣ್ಣೂ ತಿರುಗಿದೆ. ಸ್ಟುಡಿಯೋದವರು ತೆಗೆದ ಚಿತ್ರದಲ್ಲಿ ಜನ ಕ್ಯಾಮೆರಾ ನೋಡುತ್ತಾರೆ. ಅಣ್ಣನೋ ಅಕ್ಕನೋ ತೆಗೆದದ್ದರಲ್ಲಿ ಅಣ್ಣನನ್ನೋ ಅಕ್ಕನನ್ನೋ ನೋಡುತ್ತಾರೆ. ಈ ವ್ಯತ್ಯಾಸ ಒಮ್ಮೆ ಕಂಡರೆ ಸಾಕು, ಮುಂದೆ ಯಾವ ಆಲ್ಬಂ ತೆರೆದರೂ ಮೊದಲು ಕಾಣುವುದು ಅದೇ.

ಸಂಡೂರಿಗೆ ಬನ್ನಿ. ಈ ಊರಿನ ರಾಜಮನೆತನದ ಎಂ. ವೈ. ಘೋರ್ಪಡೆ ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು. ಅದರ ಜೊತೆಗೇ ದೇಶದ ದೊಡ್ಡ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರು. ತಮ್ಮ ಚಿತ್ರಗಳ ಪುಸ್ತಕಕ್ಕೆ ಅವರು ಇಟ್ಟ ಹೆಸರು 'ಸನ್‌ಲೈಟ್ ಅಂಡ್ ಶ್ಯಾಡೋಸ್'. ಬಿಸಿಲು-ನೆರಳಿನ ಆಟ ತಿಳಿಯಬೇಕಾದರೆ ಕಪ್ಪು-ಬಿಳುಪು ನೋಡಲು ಕಲಿಯಬೇಕು, ಅದಕ್ಕೆ ಸಂಡೂರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಇಲ್ಲಿ ಕಬ್ಬಿಣದ ಅದಿರಿನ ಕೆಂಪು ಎಲ್ಲವನ್ನೂ ಆವರಿಸುತ್ತದೆ: ರಸ್ತೆ, ಎಲೆ, ಲಾರಿ, ಗೋಡೆ. ಬಣ್ಣದ ಫೋಟೊದಲ್ಲಿ ಕಣ್ಣು ಆ ಕೆಂಪಿಗೇ ಅಂಟಿಕೊಂಡು ಮುಂದೆ ಸಾಗುವುದಿಲ್ಲ. ಅದೇ ಚಿತ್ರವನ್ನು ಫೋನಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡಿ. ಕೆಂಪು ಬೂದುಬಣ್ಣಕ್ಕೆ ತಿರುಗುತ್ತದೆ, ಗುಡ್ಡದ ಏರಿಳಿತ ಮೇಲೆದ್ದು ಬರುತ್ತದೆ, ಕುಮಾರಸ್ವಾಮಿ ಗುಡಿಯ ಕಂಬಗಳ ನಡುವಿನ ಮಬ್ಬು ಬೆಳಕು ಎಣಿಸಬಹುದಾದಷ್ಟು ಬಗೆಬಗೆಯಾಗಿ ಕಾಣುತ್ತದೆ. ಹೀಗೆಂದು ಕೆಂಪನ್ನು ಎಲ್ಲ ಕಡೆ ಅಳಿಸಬಾರದು. ಗಣಿಯ ಧೂಳು ಆ ಊರಿನವರು ಉಸಿರಾಡಿದ ಸತ್ಯ, ಅದನ್ನು ತೋರಿಸಲೇಬೇಕಾದ ಚಿತ್ರಗಳೂ ಇವೆ. ಲಂಬಾಣಿ ಕಸೂತಿಗೂ ಬಣ್ಣ ಬೇಕೇ ಬೇಕು. 2010ರಲ್ಲಿ ಭೌಗೋಳಿಕ ಗುರುತು ಪಡೆದ ಸಂಡೂರು ಲಂಬಾಣಿ ಕಸೂತಿಯನ್ನು ಹೊಲಿಯುವ ಹೆಂಗಸರ ಚಿತ್ರ ಸಿಕ್ಕರೆ ಬಟ್ಟೆಯ ಮೇಲಿನ ಕನ್ನಡಿ ಚೂರುಗಳನ್ನು ಹತ್ತಿರದಿಂದ ನೋಡಿ. ಒಂದೊಂದರಲ್ಲೂ ಆಕಾಶದ ತುಣುಕು, ಕೆಲವೊಮ್ಮೆ ಫೋಟೊ ತೆಗೆದವರ ಆಕಾರವೂ ಇರುತ್ತದೆ.

ಕಂಪ್ಲಿಯ ಚಿತ್ರಗಳನ್ನು ನೋಡುವಾಗ ಹೊಳೆಯ ಮಟ್ಟ ನೋಡಿ. ತುಂಗಭದ್ರಾ ಜಲಾಶಯದ ಗೇಟು ತೆಗೆದು ಹೆಚ್ಚು ನೀರು ಬಿಟ್ಟರೆ ಗಂಗಾವತಿ ರಸ್ತೆಯ ಸೇತುವೆ ಮುಳುಗುತ್ತದೆ, ಆಗ ದಂಡೆಗೆ ಬಂದು ನಿಂತ ಜನರ ಮೈಯ ಭಂಗಿಯೇ ಬೇರೆ. ನೀರು ಇಳಿದ ಮೇಲೆ ಅದೇ ದಂಡೆಯಲ್ಲಿ ಬಟ್ಟೆ ಒಗೆಯುವವರು, ಹರಿಗೋಲಿನವರು, ಗದ್ದೆಯಲ್ಲಿ ಸಾಲಾಗಿ ಬಗ್ಗಿ ನಾಟಿ ಹಾಕುವವರು. ನಾಟಿಯ ಚಿತ್ರಗಳು ಹೇರಳ, ಎಲ್ಲದರಲ್ಲೂ ಬೆನ್ನುಗಳೇ. ಅದಕ್ಕಿಂತ ಊಟಕ್ಕೆ ಬದುವಿನ ಮೇಲೆ ಕೂತ ಗಳಿಗೆಯದು ಸಿಕ್ಕರೆ ಹೆಚ್ಚು ಹೊತ್ತು ನೋಡಿ. ದುಡಿಮೆಯನ್ನು ದೂರದಿಂದಲೂ ತೆಗೆಯಬಹುದು, ಬುತ್ತಿ ಬಿಚ್ಚಿದ ಗಳಿಗೆಗೆ ಹತ್ತಿರದವರಷ್ಟೇ ಬರಬಲ್ಲರು.

ಮನೆಯಲ್ಲಿ ನೀವೇ ತೆಗೆಯುವುದಾದರೆ ಹಬ್ಬದ ದಿನ ಬೇಡ, ಮಾಮೂಲಿ ಬೆಳಿಗ್ಗೆ ಸಾಕು. ಒಗ್ಗರಣೆ ಮಿರ್ಚಿಯ ಪೊಟ್ಟಣ ಬಿಚ್ಚಿ ಎಲ್ಲರೂ ಸುತ್ತ ಕೂತಾಗ ಫೋನನ್ನು ಮೊಣಕಾಲ ಮೇಲಿಟ್ಟು ಮಾತಿನಲ್ಲಿ ಸೇರಿಕೊಳ್ಳಿ. "ಅವ್ವ, ಈ ಕಡೆ ನೋಡು" ಎನ್ನಬೇಡಿ. ಅವ್ವ ತಾನಾಗಿ ಮರೆಯುವವರೆಗೆ ಕಾದು, ಒಂದೇ ಒಂದು ತೆಗೆಯಿರಿ. ಬೇಡವೆಂದರೆ ತೆಗೆಯದೆ ಬಿಡಿ, ಕಾದದ್ದಂತೂ ನಿಮ್ಮದಾಗಿರುತ್ತದೆ.

ತೆಗೆದದ್ದನ್ನು ಫೋನಿನಲ್ಲೇ ಬಿಡದೆ ವರ್ಷಕ್ಕೆ ಕೆಲವನ್ನಾದರೂ ಪ್ರಿಂಟ್ ಹಾಕಿಸಿ. ಅಂಟು ಹಾಳೆಯ ಆಲ್ಬಂ ಬೇಡ, ಕೆಲ ವರ್ಷಗಳಲ್ಲಿ ಆ ಅಂಟೇ ಚಿತ್ರವನ್ನು ಹಳದಿಯಾಗಿಸುತ್ತದೆ. ಮೂಲೆಗಳನ್ನಷ್ಟೇ ಹಿಡಿಯುವ ದಪ್ಪ ಹಾಳೆಯದು ಒಳ್ಳೆಯದು. ಹಿರಿಯರು ಇರುವಾಗಲೇ ಪಕ್ಕದಲ್ಲಿ ಕೂತು, ಹಳೆಯ ಫೋಟೊಗಳ ಹಿಂದೆ ಮೆದು ಪೆನ್ಸಿಲಿನಿಂದ ಹಗುರವಾಗಿ ಬರೆದಿಡಿ: ಯಾರು, ಎಲ್ಲಿ, ಯಾವ ವರ್ಷ, ತೆಗೆದವರು ಯಾರು.