ವಿಕಿರಣ ಚಿಕಿತ್ಸೆಯೂ ಪೂರಕಾಹಾರವೂ

ಕಂಠದಲ್ಲಾಗಲಿ ನಾಲಗೆಯ ಬುಡದಲ್ಲಾಗಲಿ ಅರ್ಬುದವುಂಟಾದವರಿಗೆ ದಿನಕ್ಕೆ ಸುಮಾರು 2 ಗ್ರೇ ಪ್ರಮಾಣದಲ್ಲಿ, ವಾರಕ್ಕೆ ಐದು ದಿನದಂತೆ, ಆರೇಳು ವಾರಗಳ ಕಾಲ ವಿಕಿರಣವನ್ನು ಕೊಡುವುದು ವೈದ್ಯರ ರೂಢಿ. ನಮ್ಮ ಹಳ್ಳಿಗಳ ಕಡೆಯವರು ಇದನ್ನು ‘ಕರೆಂಟು ಕೊಡಿಸುವುದು’ ಎನ್ನುತ್ತಾರೆ. ಮೊದಲನೆಯ ವಾರದಲ್ಲಿ ರೋಗಿಯು ತಾನೇ ನಡೆದು ಹೋಗಿ ತಾನೇ ನಡೆದು ಬರುವನು. ಎರಡನೆಯ ವಾರ ಕಳೆದು ಮೂರನೆಯದು ಮೊದಲಾಗುವ ಹೊತ್ತಿಗೆ, ಬಾಯಿಯ ಒಳಪೊರೆಯಲ್ಲಿ ಸವೆದುಹೋದ ಜೀವಕೋಶಗಳ ಸ್ಥಾನವನ್ನು ತುಂಬತಕ್ಕ ಹೊಸ ಕೋಶಗಳು ಸಾಕಷ್ಟು ಹುಟ್ಟದೆ, ಪೊರೆಯು ಕೆಂಪಡರಿ ಹುಣ್ಣಾಗಿ, ಜೊಲ್ಲು ಬತ್ತಿ ಅಂಟಂಟಾಗಿ, ಉಪ್ಪು ಸಿಹಿಗಳ ಭೇದವೇ ಅಳಿದು, ಗುಟುಕು ನೀರನ್ನು ನುಂಗುವುದಕ್ಕೂ ಆತನು ಮನಸ್ಸನ್ನು ಗಟ್ಟಿಮಾಡಿಕೊಳ್ಳಬೇಕಾಗುತ್ತದೆ.

ನನ್ನ ಸೋದರಮಾವನವರು ಈ ಸ್ಥಿತಿಯಲ್ಲಿ ಮಲಗಿದ್ದಾಗ ಅವರ ಮಂಚದ ಬಳಿಯ ಗೋಡೆಗೂಡಿನಲ್ಲಿ ಪ್ರೋಟೀನ್ ಪುಡಿಯ ಮೂರು ಡಬ್ಬಗಳೂ, ವಿಟಮಿನ್ ಮಾತ್ರೆಗಳ ಸೀಸೆಗಳೂ, ಸತುವಿನ ಗುಳಿಗೆಗಳೂ, ದೂರದ ನೆಂಟರೊಬ್ಬರು ಬಸ್ಸಿನಲ್ಲಿ ಕಳುಹಿಸಿದ್ದ ಗೋಧಿಹುಲ್ಲಿನ ಪುಡಿಯೂ ಸಾಲಾಗಿ ಕುಳಿತಿದ್ದುವು. ಒಂದೊಂದರ ಹಿಂದೆಯೂ ಒಬ್ಬೊಬ್ಬರ ಪ್ರೀತಿಯಿದ್ದಿತು. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಅವುಗಳಲ್ಲಿ ಯಾವುದರಿಂದ ಆ ಬಾಯಿಗೆ ಉಪಶಮನವಾದೀತು, ಯಾವುದರಿಂದ ಚಿಕಿತ್ಸೆಗೇ ಬಾಧಕವಾದೀತು ಎಂಬ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆ ಪ್ರಶ್ನೆಯನ್ನು ಈಗಲಾದರೂ ವಿಚಾರಿಸಿ ನೋಡಬೇಕೆಂಬುದೇ ಈ ಲೇಖನಕ್ಕೆ ಕಾರಣ.

ಮೊದಲು ಒಂದು ವಿವೇಚನೆ ಅವಶ್ಯ. ಪೂರಕವೆಂಬ ಒಂದೇ ಹೆಸರಿನೊಳಗೆ ಎರಡು ಬೇರೆ ಬೇರೆ ವಸ್ತುಗಳು ಸೇರಿಕೊಂಡಿವೆ. ಉಣ್ಣಲಾರದವನ ದೇಹಕ್ಕೆ ಸಾಲದೆ ಬಂದ ಅನ್ನಸಾರವನ್ನು ಬೇರೊಂದು ರೂಪದಲ್ಲಿ ಒದಗಿಸತಕ್ಕದ್ದು ಒಂದು. ಕೊರತೆಯೇ ಇಲ್ಲದಿದ್ದರೂ, ದೊಡ್ಡ ಪ್ರಮಾಣದಲ್ಲಿ ಸೇವಿಸಿದರೆ ಅಂಗಾಂಶಗಳಿಗೆ ಕವಚವಾಗುವುದೆಂದು ಹೇಳಿಕೊಳ್ಳತಕ್ಕದ್ದು ಇನ್ನೊಂದು. ಮೊದಲನೆಯದು ಆಹಾರ, ಎರಡನೆಯದು ಔಷಧ. ಔಷಧವೆಂದ ಮೇಲೆ ಅದನ್ನು ಔಷಧದ ಒರೆಗಲ್ಲಿಗೇ ತಿಕ್ಕಿ ನೋಡಬೇಕಲ್ಲದೆ ಆಹಾರದ ಸಲಿಗೆಯಲ್ಲಿ ಒಳಗೆ ಬಿಟ್ಟುಕೊಳ್ಳಬಾರದು.

ಹಾಗೆ ತಿಕ್ಕಿ ನೋಡಿದವರಲ್ಲಿ ಕೆನಡಾ ದೇಶದ ಕ್ವೆಬೆಕ್ ಪ್ರಾಂತದ ಇಸಬೆಲ್ ಬೈರಾತಿ ಮತ್ತು ಅವರ ಸಂಗಡಿಗರ ಪರೀಕ್ಷೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ವಿಕಿರಣವು ಕೋಶದೊಳಗಿನ ನೀರನ್ನು ಒಡೆದು ಹುಟ್ಟಿಸುವ ಉಗ್ರವಾದ ಅಣುತುಣುಕುಗಳೇ ಅರ್ಬುದಕೋಶದ ವಂಶತಂತುಗಳನ್ನು ಬಹುಮಟ್ಟಿಗೆ ಕತ್ತರಿಸುವುವಾದ್ದರಿಂದ, ಆ ತುಣುಕುಗಳನ್ನು ನುಂಗಿ ತಣಿಸುವ ಆಂಟಿಆಕ್ಸಿಡೆಂಟುಗಳನ್ನು ಕೊಟ್ಟರೆ ಆರೋಗ್ಯವಂತ ಪೊರೆ ಉಳಿದೀತೆಂಬುದು ಒಂದು ಪಕ್ಷದ ಆಶೆಯಾಗಿಯೂ, ಅರ್ಬುದವೂ ಅದೇ ಕೊಡೆಯ ಕೆಳಗೆ ನಿಂತು ಉಳಿದೀತೆಂಬುದು ಇನ್ನೊಂದು ಪಕ್ಷದ ಭಯವಾಗಿಯೂ ಇದ್ದಿತು. ಶಿರಸ್ಸು ಮತ್ತು ಕಂಠಗಳ ಅರ್ಬುದವಿದ್ದ 540 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ದಿನಕ್ಕೆ 400 ಯೂನಿಟ್ ‘ಇ’ ವಿಟಮಿನ್ನನ್ನೂ 30 ಮಿಲಿಗ್ರಾಂ ಬೀಟಾ ಕೆರೋಟಿನ್ನನ್ನೂ, ಮತ್ತೊಂದು ಪಾಲಿನವರಿಗೆ ಸತ್ತ್ವವಿಲ್ಲದ ಗುಳಿಗೆಯನ್ನೂ ಚಿಕಿತ್ಸೆಯ ಕಾಲದಲ್ಲಿ ಮಾತ್ರವಲ್ಲದೆ ಆಮೇಲೆ ಮೂರು ವರ್ಷಗಳವರೆಗೂ ಕೊಡುವುದೆಂದು ಗೊತ್ತುಮಾಡಲಾಯಿತು. ನಡುವೆ, ಬೀಟಾ ಕೆರೋಟಿನ್ನಿನಿಂದ ಧೂಮಪಾನಿಗಳಲ್ಲಿ ಶ್ವಾಸಕೋಶದ ಅರ್ಬುದ ಹೆಚ್ಚಿತೆಂಬ ವಾರ್ತೆ ಬೇರೆ ಪರೀಕ್ಷೆಗಳಿಂದ ಬಂದುದರಿಂದ ಅದನ್ನು ನಿಲ್ಲಿಸಿ ‘ಇ’ ವಿಟಮಿನ್ನೊಂದನ್ನೇ ಮುಂದುವರಿಸಿದರು.

2005ರಲ್ಲಿ ಹೊರಬಂದ ಫಲವನ್ನು ಓದಿದವರು ಮೊದಲ ಸಾಲಿಗೆ ಸಂತೋಷಪಟ್ಟು ಎರಡನೆಯ ಸಾಲಿಗೆ ತಡೆದು ನಿಂತಿರಬೇಕು. ಎರಡನ್ನೂ ಸೇವಿಸಿದವರಲ್ಲಿ ವಿಕಿರಣದ ತೀವ್ರವಾದ ಬಾಧೆಗಳು ಕಡಮೆಯಾದುವು. ಆದರೆ ರೋಗವು ಅದೇ ಸ್ಥಳದಲ್ಲಿ ಮರುಕಳಿಸುವ ಒಲವು ಪೂರಕ ಪಡೆದ ಪಾಲಿನಲ್ಲಿಯೇ ಹೆಚ್ಚಾಗಿ ಕಂಡಿತು. ಮರುವರ್ಷದ ವರದಿಯಲ್ಲಿ, ಪೂರಕವನ್ನು ಸೇವಿಸಿದ ಪಾಲಿನಲ್ಲಿ ಮರಣಗಳೂ ಹೆಚ್ಚೆಂದು ತಿಳಿದುಬಂದಿತು. ಚಿಕಿತ್ಸೆಯ ಕಾಲದಲ್ಲಿಯೂ ಹೊಗೆಸೊಪ್ಪನ್ನು ಸೇದುತ್ತಿದ್ದವರಲ್ಲಿ ಈ ಅನರ್ಥವು ಎದ್ದು ಕಂಡಿತೆಂದು 2008ರಲ್ಲಿ ಅವರೇ ಬಿಡಿಸಿ ತೋರಿಸಿದರು. ನನ್ನನ್ನು ಕಾಡುವ ಸಂಗತಿ ಇದೇ. ಬಾಯಿ ಹಗುರವಾಯಿತು, ನೋವು ತಗ್ಗಿತು ಎಂದು ರೋಗಿಯು ಹೇಳುವ ಮಾತೇ ಔಷಧದ ಗುಣಕ್ಕೆ ಸಾಕ್ಷಿಯೆಂದು ನಾವು ಸಹಜವಾಗಿ ನಂಬುತ್ತೇವೆ; ಇಲ್ಲಿಯಾದರೋ ಉಪಶಮನವೂ ಅಪಾಯವೂ ಒಂದೇ ಗುಳಿಗೆಯಿಂದ ಬಂದುವು. ಬಾಧೆ ಎಷ್ಟು ತಗ್ಗಿತೆಂಬುದನ್ನು ಮಾತ್ರ ಅಳೆದು, ಮೂರು ವರ್ಷಗಳ ಮೇಲೆ ಆತನು ಬದುಕಿದ್ದನೋ ಇಲ್ಲವೋ ಎಂಬುದನ್ನು ಕೇಳದೆ ಮುಗಿಸಿದ ಯಾವ ಪರೀಕ್ಷೆಯನ್ನೂ ನಾನು ಪೂರ್ಣವೆಂದು ಒಪ್ಪಲಾರೆ.

ಬಾಯಿಗೆ ನೇರವಾಗಿ ತಾಗಿಸುವ ದ್ರವ್ಯಗಳ ವಿಷಯದಲ್ಲಿ ಈ ಭಯ ಅಷ್ಟಿಲ್ಲ. ಮಲೇಷ್ಯಾದಲ್ಲಿ 2003ರಲ್ಲಿ 40 ಮಂದಿ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ವಿಕಿರಣಕ್ಕೆ ಮೊದಲೂ ಅನಂತರವೂ ಶುದ್ಧವಾದ ಜೇನುತುಪ್ಪವನ್ನು ಬಾಯಿಯಲ್ಲಿ ಆಡಿಸಿ ನುಂಗಲು ಕೊಟ್ಟಾಗ, ತೀವ್ರವಾದ ಹುಣ್ಣುಗಳು ಬಹಳ ಇಳಿದುವು. ಆದರೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 131 ಮಂದಿಯ ಮೇಲೆ ಮನುಕಾ ಜೇನನ್ನು ಸಕ್ಕರೆಪಾಕದೊಡನೆ ಹೋಲಿಸಿ ನೋಡಿದಾಗ ಯಾವ ಭೇದವೂ ತೋರಲಿಲ್ಲ. ನಮ್ಮ ಮಂಗಳೂರಿನಲ್ಲಿಯೇ 80 ಮಂದಿಯನ್ನು ಎರಡು ಪಾಲು ಮಾಡಿ, ಅರಿಸಿನದ ನೀರಿನಿಂದ ಬಾಯಿ ಮುಕ್ಕಳಿಸಿದವರನ್ನು ಪೊವಿಡೋನ್ ಅಯೋಡಿನ್ನಿನಿಂದ ಮುಕ್ಕಳಿಸಿದವರೊಡನೆ ಹೋಲಿಸಿ ನಡೆಸಿದ ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. ಅರಿಸಿನದವರಲ್ಲಿ ಹುಣ್ಣು ತಡವಾಗಿ ಬಂದಿತು, ತೂಕವೂ ಕಡಮೆ ಇಳಿಯಿತು. ನಮ್ಮ ಅಡಿಗೆಮನೆಯ ವಸ್ತುವೊಂದನ್ನು ಹೊಗಳಿಕೆಗೆ ಬಿಡದೆ ಪರೀಕ್ಷೆಗೊಡ್ಡಿದ ಆ ವೈದ್ಯರ ಶ್ರಮ ಸ್ತುತ್ಯರ್ಹ. ಹಾಗಿದ್ದರೂ ಅರಿಸಿನದ ಬಣ್ಣವನ್ನು ಬಾಯಿಂದ ಮರೆಮಾಡಲಾಗದು. ತನಗೆ ಯಾವುದು ದೊರೆಯಿತೆಂಬುದು ರೋಗಿಗೆ ತಿಳಿದೇ ಇರುತ್ತದೆ. ಅಮೆರಿಕದಲ್ಲಿ ಸ್ತನಾರ್ಬುದದ 30 ಮಂದಿಯ ಮೇಲೆ ಅರಿಸಿನದ ಸತ್ತ್ವದ ಗುಳಿಗೆಯನ್ನು ಪರೀಕ್ಷಿಸಿದಾಗ ಚರ್ಮದ ಉರಿಯೂತ ತಗ್ಗಿದಂತೆ ಕಂಡು, 686 ಮಂದಿಯ ಮೇಲೆ ಪರೀಕ್ಷಿಸಿದಾಗ ಆ ಗುಣ ಮಾಯವಾದುದನ್ನೂ ಇಲ್ಲಿ ನೆನೆಯಬೇಕು.

ಉಳಿದವನ್ನು ಬೇಗ ದಾಟಬಹುದು. ಸತುವು ಕೆಟ್ಟುಹೋದ ರುಚಿಯನ್ನು ತಿರುಗಿ ತಂದೀತೆಂಬ ನಂಬಿಕೆಯನ್ನು ಅಮೆರಿಕದಲ್ಲಿ 173 ಮಂದಿಯ ಮೇಲೆ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಕೆಳಹೊಟ್ಟೆಗೆ ವಿಕಿರಣ ಪಡೆದವರ ಭೇದಿಗೆ ಮೊಸರಿನ ಜಾತಿಯ ಸೂಕ್ಷ್ಮಜೀವಿಗಳನ್ನು ಕೊಟ್ಟ ಇಟಲಿಯ ಪರೀಕ್ಷೆಯೊಂದು ಸಫಲವಾಯಿತು: 490 ಮಂದಿಯಲ್ಲಿ, ಅದನ್ನು ಪಡೆದವರಲ್ಲಿ ನೂರಕ್ಕೆ ಸುಮಾರು 32 ಮಂದಿಗೂ ಪಡೆಯದವರಲ್ಲಿ 52 ಮಂದಿಗೂ ಭೇದಿಯಾಯಿತು. ಆದರೆ ಬಿಳಿಯ ರಕ್ತಕಣಗಳು ತೀರ ಇಳಿದವರಿಗೆ ಜೀವಂತ ಸೂಕ್ಷ್ಮಜೀವಿಗಳನ್ನು ಕೊಡುವ ಮುನ್ನ ವೈದ್ಯರ ಅನುಜ್ಞೆ ಬೇಕೇ ಬೇಕು.

ಇನ್ನು ಪುಡಿಯ ಡಬ್ಬ. ಇದನ್ನು ನಾನು ನಿಂದಿಸಲಾರೆ. ಕಿಲೋ ತೂಕಕ್ಕೆ ದಿನವೊಂದಕ್ಕೆ ಒಂದರಿಂದ ಒಂದೂವರೆ ಗ್ರಾಂ ಪ್ರೋಟೀನು ಬೇಕೆಂದು ಯೂರೋಪಿನ ಪೋಷಣತಜ್ಞರು ವಿಧಿಸಿರುವಾಗ, ಮೂರು ಚಮಚ ಗಂಜಿಗೆ ಕೈಯೊಡ್ಡಿ ಸಾಕೆನ್ನುವವನಿಗೆ ಅದನ್ನು ಪೂರೈಸುವುದು ಸುಲಭವಲ್ಲ. ಆದರೆ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಪೌಲಾ ರವಾಸ್ಕೊ ಅವರು 2005ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ಓದಿದ ಮೇಲೆ ಆ ಡಬ್ಬದ ಸ್ಥಾನವು ನನ್ನ ಮನಸ್ಸಿನಲ್ಲಿ ಬದಲಾಯಿತು. ದೊಡ್ಡಕರುಳಿನ ಅರ್ಬುದಕ್ಕೆ ವಿಕಿರಣ ಪಡೆಯುತ್ತಿದ್ದ 111 ಮಂದಿಯಲ್ಲಿ ಮೊದಲನೆಯ ಗುಂಪಿನವರೊಡನೆ ಒಬ್ಬರು ಕುಳಿತು, ಅವರು ದಿನವೂ ಏನನ್ನು ಉಣ್ಣುತ್ತಿದ್ದರು, ಈಗ ಯಾವುದು ಇಳಿಯದು, ಯಾವುದನ್ನು ಹೇಗೆ ಮಾಡಿದರೆ ಇಳಿದೀತು ಎಂದು ವಿಚಾರಿಸಿ, ಅವರವರ ಮನೆಯ ಊಟವನ್ನೇ ತಿದ್ದಿಕೊಟ್ಟರು. ಎರಡನೆಯ ಗುಂಪಿನವರಿಗೆ ಪ್ರೋಟೀನು ತುಂಬಿದ ಪಾನೀಯದ ಡಬ್ಬಗಳನ್ನು ಕೊಟ್ಟರು. ಮೂರನೆಯವರನ್ನು ಅವರ ಇಚ್ಛೆಗೆ ಬಿಟ್ಟರು. ಚಿಕಿತ್ಸೆ ಮುಗಿಯುವಾಗ ಮೊದಲೆರಡು ಗುಂಪಿನವರೂ ಮೊದಲಿಗಿಂತ ಚೆನ್ನಾಗಿ ಉಣ್ಣುತ್ತಿದ್ದರು. ಮೂರು ತಿಂಗಳ ಮೇಲೆ, ಡಬ್ಬದವರ ಆಹಾರವು ಹಿಂದಿನ ಮಟ್ಟಕ್ಕೆ ಇಳಿದಿದ್ದಿತು, ವಿಚಾರಿಸಿಕೊಂಡವರದು ಉಳಿದಿದ್ದಿತು. ಪಾನೀಯವು ತೀರಿದೊಡನೆ ಅದರ ಗುಣವೂ ತೀರಿತು. ಕಲಿತ ಊಟದ ಕ್ರಮ ಮನೆಯಲ್ಲಿ ನಿಂತಿತು. ಇದು ಒಂದೇ ಆಸ್ಪತ್ರೆಯ ಸಣ್ಣ ಪರೀಕ್ಷೆಯೆಂಬುದು ನಿಜ. ಆದರೂ ಡಬ್ಬವನ್ನು ಬರೆದುಕೊಡುವುದಕ್ಕೆ ಅರ್ಧ ನಿಮಿಷ ಸಾಕಾದರೆ ಹೀಗೆ ವಿಚಾರಿಸುವುದಕ್ಕೆ ಅರ್ಧ ಗಂಟೆ ಬೇಕೆಂಬುದನ್ನೂ, ಆ ಅರ್ಧ ಗಂಟೆಯನ್ನು ಕೊಡತಕ್ಕ ಪಥ್ಯತಜ್ಞರು ನಮ್ಮ ಆಸ್ಪತ್ರೆಗಳಲ್ಲಿ ಬೇಕಾದಷ್ಟು ಮಂದಿ ಇಲ್ಲವೆಂಬುದನ್ನೂ ಬಲ್ಲವರಿಗೆ, ನಮ್ಮಲ್ಲಿ ಡಬ್ಬಗಳೇ ಏಕೆ ಬೆಳೆದುವೆಂಬುದು ಅರ್ಥವಾದೀತು.

ಸೋದರಮಾವನವರಿಗೆ ನಾಲ್ಕನೆಯ ವಾರದಲ್ಲಿ ಪುಡಿಯ ವಾಸನೆಯೇ ವಾಕರಿಕೆಯಾಯಿತು. ಅತ್ತೆಯವರು ಡಬ್ಬಗಳನ್ನು ಗೂಡಿನಲ್ಲಿಯೇ ಬಿಟ್ಟು, ರಾಗಿಯ ಅಂಬಲಿಯನ್ನು ತೆಳ್ಳಗೆ ಕಾಯಿಸಿ, ಖಾರವನ್ನೂ ಹುಳಿಯನ್ನೂ ಬಿಟ್ಟು, ಹಾಲನ್ನೂ ಬೆಂದ ಹೆಸರುಬೇಳೆಯ ತಿಳಿಯನ್ನೂ ಅದಕ್ಕೆ ಕೂಡಿಸಿ, ಉಗುರುಬೆಚ್ಚಗಾದ ಮೇಲೆ ಎರಡು ಗಂಟೆಗೊಮ್ಮೆ ಒಂದೊಂದು ಲೋಟದಂತೆ ಕೊಡುತ್ತ, ಪ್ರತಿಯೊಂದು ಸಲವೂ ‘ಇಳಿಯಿತೇ?’ ಎಂದು ಕೇಳಿ, ಇಳಿಯದ ದಿನ ಅದನ್ನು ಇನ್ನಷ್ಟು ತೆಳ್ಳಗೆ ಮಾಡುತ್ತಿದ್ದರು.